ಏರೋಪ್ಲೇನ್ ಚಿಟ್ಟೆ: ಹೆಸರು ಸಿಗುವಂಥ ಫೋಟೊ ತೆಗೆಯುವುದು ಹೇಗೆ

“ಇದು ಯಾವ ಏರೋಪ್ಲೇನ್ ಚಿಟ್ಟೆ, ಹೇಳ್ತೀರಾ?” ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಜೊತೆಗೆ ಒಂದೇ ಒಂದು ಫೋಟೊ. ಹೆಚ್ಚಿನ ಸಲ ಅದು ನೇರ ಮೇಲಿನಿಂದ ತೆಗೆದದ್ದು. ರೆಕ್ಕೆ ಹರಡಿದೆ, ಬಣ್ಣ ಸೊಗಸಾಗಿದೆ, ಹಿಂದಿನ ಹಸಿರು ಕರಗಿಹೋಗಿದೆ. ಗೋಡೆಗೆ ಹಾಕಬಹುದು. ಆದರೆ ಹೆಸರು ಹೇಳಲು ನಾನು ಹುಡುಕುವ ಜಾಗ ಒಂದೂ ಅದರಲ್ಲಿ ಇರುವುದಿಲ್ಲ. ಎದೆಯ ಪಕ್ಕ ಕಾಣುವುದಿಲ್ಲ. ಬಾಲದ ತುದಿ ಮಸುಕು. ಎಲ್ಲಿ ಕಂಡಿತು ಅಂತ ಬರೆದೇ ಇರುವುದಿಲ್ಲ.

ಚಂದದ ಫೋಟೊ ಬೇರೆ, ಗುರುತು ಹಿಡಿಯುವ ಫೋಟೊ ಬೇರೆ. ಎರಡನ್ನೂ ತೆಗೆಯಬಹುದು, ಆದರೆ ಒಂದೇ ಕ್ಲಿಕ್ಕಿನಲ್ಲಿ ಎರಡೂ ಸಿಗುವುದು ಅಪರೂಪ. ಈ ಬರಹ ಎರಡನೆಯದರ ಬಗ್ಗೆ. ಜಗತ್ತಿನಲ್ಲಿ ಈ ಗುಂಪಿನ 6,000ಕ್ಕೂ ಹೆಚ್ಚು ಪ್ರಭೇದಗಳಿವೆ. ಅಷ್ಟನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಾವು ಏರೋಪ್ಲೇನ್ ಚಿಟ್ಟೆ ಅನ್ನುವುದು ಚಿಟ್ಟೆಯೇ ಅಲ್ಲ. ಚಿಟ್ಟೆಗೂ ಇದಕ್ಕೂ ಹತ್ತಿರದ ನಂಟೂ ಇಲ್ಲ. ಇದರಲ್ಲಿ ಮುಖ್ಯವಾಗಿ ಎರಡು ಗುಂಪುಗಳಿವೆ. ಮೈ ದಪ್ಪಗಿರುವುದು ಡ್ರ್ಯಾಗನ್‌ಫ್ಲೈ, ಕಡ್ಡಿಯ ಹಾಗೆ ತೆಳ್ಳಗಿರುವುದು ಡ್ಯಾಮ್ಸೆಲ್‌ಫ್ಲೈ. ಎರಡೂ ಸೇರಿ ಓಡೊನೇಟಾ. 1793ರಲ್ಲಿ ಫ್ಯಾಬ್ರಿಷಿಯಸ್ ಎಂಬ ಕೀಟವಿಜ್ಞಾನಿ ಗ್ರೀಕ್ ಭಾಷೆಯ ‘ಹಲ್ಲು’ ಎಂಬ ಪದದಿಂದ ಈ ಹೆಸರು ಮಾಡಿದ. ದವಡೆಯಲ್ಲಿ ಹಲ್ಲಿನಂಥ ಮೊನೆಗಳಿವೆ, ನಿಜ. ಆದರೆ ಹೆದರಬೇಡಿ, ಇದಕ್ಕೆ ಕುಟುಕುವ ಕೊಂಡಿ ಇಲ್ಲ. ಹಿಡಿದು ಕಾಡಿದರೆ ಮಾತ್ರ ಬೆರಳು ಚಿವುಟೀತು. ನಾವು ಹಿಡಿಯುವುದೇ ಇಲ್ಲ ಅಲ್ವಾ?

ಏನೇನು ಬೇಕು

ದುಬಾರಿ ಸಾಮಾನು ಬೇಕೇ ಬೇಕು ಅಂತಿಲ್ಲ. ಕೈಯಲ್ಲಿರುವುದರ ಮಿತಿ ತಿಳಿದಿದ್ದರೆ ಸಾಕು.

ಫೋನ್ ಇದ್ದರೆ ಟೆಲಿ ಲೆನ್ಸ್, ಅಂದರೆ 2 ಅಥವಾ 3 ಪಟ್ಟು ಹತ್ತಿರ ತೋರಿಸುವ ಲೆನ್ಸ್ ಬಳಸಿ. ಫೋನಿನ ಮ್ಯಾಕ್ರೋ ಮೋಡ್ ಇಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಕೀಟದಿಂದ ಕೆಲವೇ ಸೆಂಟಿಮೀಟರ್ ದೂರಕ್ಕೆ ಹೋಗಬೇಕು. ಅಷ್ಟು ಹೊತ್ತಿಗೆ ಅದು ಹಾರಿರುತ್ತದೆ. ಬೆರಳಿಂದ ಹಿಗ್ಗಿಸುವ ಡಿಜಿಟಲ್ ಜೂಮ್ ಜಾಸ್ತಿ ಮಾಡಬೇಡಿ. ಅದು ಹೊಸ ವಿವರ ಕೊಡುವುದಿಲ್ಲ, ಇರುವುದನ್ನೇ ಹಿಂಜುತ್ತದೆ.

ಕ್ಯಾಮೆರಾ ಇದ್ದರೆ ಎರಡು ದಾರಿ. 90ರಿಂದ 105 ಮಿಲಿಮೀಟರ್‌ನ ಮ್ಯಾಕ್ರೋ ಲೆನ್ಸ್ ವಿವರ ಚೆನ್ನಾಗಿ ಹಿಡಿಯುತ್ತದೆ, ಆದರೆ ತುಂಬ ಹತ್ತಿರ ಹೋಗಬೇಕು. 300 ಅಥವಾ 400 ಮಿಲಿಮೀಟರ್‌ನ ಟೆಲಿ ಲೆನ್ಸ್ ದೂರದಿಂದಲೇ ಕೆಲಸ ಮುಗಿಸುತ್ತದೆ. ನನ್ನನ್ನು ಕೇಳಿದರೆ ಡ್ರ್ಯಾಗನ್‌ಫ್ಲೈಗೆ ಟೆಲಿ, ಡ್ಯಾಮ್ಸೆಲ್‌ಫ್ಲೈಗೆ ಮ್ಯಾಕ್ರೋ. ಒಂದೇ ಕೊಳ್ಳುವುದಾದರೆ ಟೆಲಿ.

ಟೆಲಿ ಕೊಳ್ಳುವಾಗ ಕನಿಷ್ಠ ಫೋಕಸ್ ದೂರ ಎಷ್ಟು ಅಂತ ನೋಡಿ. ಲೆನ್ಸ್ ಫೋಕಸ್ ಮಾಡಬಲ್ಲ ಅತಿ ಹತ್ತಿರದ ದೂರ ಅದು. 3 ಮೀಟರ್ ಇದ್ದರೆ ಕಷ್ಟ, ಒಂದೂವರೆ ಮೀಟರಿಗಿಂತ ಕಡಿಮೆ ಇದ್ದರೆ ಸುಖ. ಈ ದೂರವನ್ನು ಲೆನ್ಸಿನ ಮೂತಿಯಿಂದ ಅಳೆಯುವುದಿಲ್ಲ, ಕ್ಯಾಮೆರಾದೊಳಗಿನ ಸೆನ್ಸರಿನಿಂದ ಅಳೆಯುತ್ತಾರೆ. ಕ್ಯಾಮೆರಾದ ಮೇಲೆ ಗೆರೆ ಹಾದ ಪುಟ್ಟ ವೃತ್ತದ ಗುರುತು ಇರುತ್ತದಲ್ಲ, ಅದು ಸೆನ್ಸರ್ ಇರುವ ಜಾಗ. ಕನಿಷ್ಠ ದೂರ ಜಾಸ್ತಿಯಾದರೆ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಬಹುದು. ಗಾಜಿಲ್ಲದ ಖಾಲಿ ಬಳೆ ಅದು, ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರುತ್ತದೆ. ಹಾಕಿದಾಗ ಹತ್ತಿರದ್ದು ಫೋಕಸ್ ಆಗುತ್ತದೆ, ದೂರದ್ದು ಆಗುವುದಿಲ್ಲ.

ಇನ್ನೊಂದು ಚಿಕ್ಕ ಪುಸ್ತಕ, ಒಂದು ಪೆನ್ಸಿಲ್. ಮಂಡಿಯೂರಿದರೆ ಬೇಸರವಿಲ್ಲದ ಹಳೆಯ ಪ್ಯಾಂಟ್.

ಹಂತ 1: ಜಾಗ ಮತ್ತು ಹೊತ್ತು

ನೀರಿನ ಹತ್ತಿರ ಹೋಗಿ. ಇವುಗಳ ಮರಿಗಳು ಬೆಳೆಯುವುದೇ ನೀರಿನಲ್ಲಿ. ನಿಂತ ನೀರಿನ ಜಾತಿಗಳೇ ಬೇರೆ, ಹರಿಯುವ ನೀರಿನ ಜಾತಿಗಳೇ ಬೇರೆ. ಹಾಗಾಗಿ ಕೆರೆ, ಹೊಂಡ, ತೊರೆ, ಜೌಗು, ನೆರಳಿನ ಸಣ್ಣ ಝರಿ, ಒಂದೊಂದೂ ಒಂದೊಂದು ಲೋಕ. ನೀರಂಚಿನಲ್ಲಿ ಜಾಸ್ತಿ ಸಿಗುವುದು ಗಂಡುಗಳು. ಅವು ತಮ್ಮ ಗಡಿ ಕಾಯುತ್ತಾ ಕೂತಿರುತ್ತವೆ. ಹೆಣ್ಣುಗಳೂ ಎಳೆಯವೂ ನೀರಿನಿಂದ ಸ್ವಲ್ಪ ದೂರದ ಹುಲ್ಲು, ಪೊದೆ, ಕಾಡಂಚಿನಲ್ಲಿ ಇರುತ್ತವೆ. ಬರೀ ದಡದಲ್ಲೇ ತಿರುಗಿದರೆ ಅರ್ಧ ಸಂಸಾರ ಕಣ್ಣಿಗೇ ಬೀಳುವುದಿಲ್ಲ.

ಹೊತ್ತಿನ ಲೆಕ್ಕ ಸರಳ. ಇವು ಬಿಸಿಲಿನಿಂದ ಮೈ ಕಾಯಿಸಿಕೊಳ್ಳುವ ಜೀವಿಗಳು. ಬೆಳಗಿನ ತಂಪಿನಲ್ಲಿ ಸರಿಯಾಗಿ ಹಾರಲಾರವು. ಇಬ್ಬನಿ ಹೊತ್ತು ಹುಲ್ಲಿಗೆ ಅಂಟಿಕೊಂಡಿರುತ್ತವೆ. ಹುಡುಕುವುದು ಕಷ್ಟ, ಸಿಕ್ಕರೆ ಹಬ್ಬ. ಬಿಸಿಲೇರಿದ ಮೇಲೆ ಹುಡುಕುವುದು ಸುಲಭ, ಹತ್ತಿರ ಹೋಗುವುದು ಕಷ್ಟ. ಹೊಸಬರಿಗೆ ಬಿಸಿಲು ಬಿದ್ದ ಮೊದಲ ಎರಡು ಗಂಟೆ ಒಳ್ಳೆಯದು. ಕೆಲವು ಜಾತಿಗಳು ಮುಸ್ಸಂಜೆಯಲ್ಲೇ ಹಾರುತ್ತವೆ, ಹಗಲೆಲ್ಲ ಪೊದೆಯ ಕತ್ತಲಲ್ಲಿ ತೂಗಾಡುತ್ತಾ ನಿದ್ದೆ. ಗಾಳಿ ಜೋರಿದ್ದರೆ ಮನೆಯಲ್ಲೇ ಇರಿ. ಹುಲ್ಲು ಆಡುತ್ತಿದ್ದರೆ ಯಾವ ಲೆನ್ಸೂ ಕಾಪಾಡುವುದಿಲ್ಲ.

ಎಚ್ಚರಿಕೆ: ಕಣ್ಣು ವ್ಯೂಫೈಂಡರಿನಲ್ಲಿ ಇರುವಾಗ ಕಾಲು ಎಲ್ಲಿದೆ ಅಂತ ಮರೆತುಹೋಗುತ್ತದೆ. ಪಾಚಿ ಕಲ್ಲು, ಕೆಸರಿನ ದಡ, ಹುಲ್ಲಿನೊಳಗಿನ ಹಾವು, ಮೂರೂ ನಿಜ. ಮೊದಲು ಕಾಲಿಡುವ ಜಾಗ ನೋಡಿ, ಆಮೇಲೆ ಕ್ಯಾಮೆರಾ ಎತ್ತಿ.

ಹಂತ 2: ಕ್ಯಾಮೆರಾವನ್ನು ಮೊದಲೇ ಹೊಂದಿಸಿಕೊಳ್ಳಿ

ಕೀಟ ಸಿಕ್ಕ ಮೇಲೆ ಗುಂಡಿ ತಿರುಗಿಸುತ್ತಾ ಕೂರಬೇಡಿ. ಶುರುವಿಗೆ ಇಷ್ಟು ಇರಲಿ: ಅಪರ್ಚರ್ ಎಫ್ 8, ಶಟರ್ (ಬೆಳಕು ಒಳಬಿಡುವ ಹೊತ್ತು) 1/500 ಸೆಕೆಂಡ್ ಅಥವಾ ಅದಕ್ಕಿಂತ ವೇಗ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೋ. ಅಪರ್ಚರ್ ಅಂದರೆ ಲೆನ್ಸಿನ ಕಿಂಡಿ. ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು, ಸ್ಪಷ್ಟವಾಗಿ ಬರುವ ಆಳ ಜಾಸ್ತಿ.

ಈ ಆಳದ ವಿಷಯದಲ್ಲೇ ಹೆಚ್ಚಿನವರು ಎಡವುತ್ತಾರೆ. ಒಂದು ಅಂದಾಜು ಕೊಡುತ್ತೇನೆ. ಫುಲ್‌ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ, ಕೀಟದ ಬಿಂಬ ಸೆನ್ಸರಿನ ಮೇಲೆ ಅದರ ನಿಜ ಅಳತೆಯ ಅರ್ಧದಷ್ಟು ಬೀಳುವ ದೂರದಲ್ಲಿ, ಎಫ್ 8 ಇಟ್ಟರೂ ಸ್ಪಷ್ಟವಾಗಿ ಬರುವ ಆಳ ಸುಮಾರು 3 ಮಿಲಿಮೀಟರ್. ಅಷ್ಟೇ! ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೇ ಅದು ಸಾಕಾಗುವುದಿಲ್ಲ. ಹಾಗಂತ ಎಫ್ 22ಕ್ಕೆ ಓಡಬೇಡಿ. ಕಿಂಡಿ ತೀರಾ ಸಣ್ಣದಾದರೆ ಬೆಳಕು ಅಂಚಿನಲ್ಲಿ ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ. ಎಫ್ 8ರಿಂದ 11ರೊಳಗೆ ಇರಿ. ಉಳಿದದ್ದನ್ನು ಕೋನದಿಂದ ಸರಿಮಾಡಬೇಕು. ಅದು ಹಂತ 4ರಲ್ಲಿ ಬರುತ್ತದೆ.

ಫೋಕಸ್ ಬಿಂದು ಒಂದೇ ಇರಲಿ, ಚಿಕ್ಕದಿರಲಿ. ಕ್ಯಾಮೆರಾಕ್ಕೆ ಆಯ್ಕೆ ಬಿಟ್ಟರೆ ಅದು ಹಿಂದಿನ ಹುಲ್ಲನ್ನೇ ಹಿಡಿಯುತ್ತದೆ. ಡ್ಯಾಮ್ಸೆಲ್‌ಫ್ಲೈಯ ತೆಳು ಮೈ ಮುಂದೆ ಆಟೋಫೋಕಸ್ ಆಗಾಗ ಸೋಲುತ್ತದೆ. ಆಗ ಮ್ಯಾನುವಲ್‌ಗೆ ಹೋಗಿ, ದೂರ ಒಂದು ಕಡೆ ಇಟ್ಟು, ನೀವೇ ಕೂದಲೆಳೆಯಷ್ಟು ಹಿಂದೆ ಮುಂದೆ ವಾಲುತ್ತಾ ಸಾಲಾಗಿ ಕ್ಲಿಕ್ ಮಾಡಿ. ಹತ್ತರಲ್ಲಿ ಒಂದು ಸರಿಯಾಗಿರುತ್ತದೆ.

ಕೆಂಪು ಜಾತಿಗಳಿಗೆ ಒಂದು ಬೇರೆ ಮಾತು. ಕಡುಗೆಂಪು ಡ್ರ್ಯಾಗನ್‌ಫ್ಲೈಯನ್ನು ಸುಮ್ನೆ ತೆಗೆದರೆ ಮೈ ಮೇಲಿನ ಗೆರೆಗಳೆಲ್ಲ ಮಾಯ. ಬಣ್ಣ ಬಳಿದ ಪ್ಲಾಸ್ಟಿಕ್ ಥರ ಕಾಣುತ್ತದೆ. ಕಾರಣ, ಸೆನ್ಸರಿನ ಕೆಂಪು ಚಾನೆಲ್ ತುಂಬಿ ಚೆಲ್ಲಿರುತ್ತದೆ. ಒಟ್ಟು ಬೆಳಕು ಸರಿಯಾಗೇ ಇರುತ್ತದೆ, ಅದಕ್ಕೇ ಗೊತ್ತಾಗುವುದಿಲ್ಲ. ಎಕ್ಸ್‌ಪೋಶರನ್ನು, ಅಂದರೆ ಒಳಬರುವ ಬೆಳಕನ್ನು, ಅರ್ಧ ಸ್ಟಾಪಿನಷ್ಟು ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ಹಿಸ್ಟೋಗ್ರಾಮ್ ನೋಡುವಾಗ, ಅಂದರೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ ನೋಡುವಾಗ, ಮೂರು ಬಣ್ಣ ಬೇರೆ ಬೇರೆ ತೋರಿಸುವುದನ್ನು ನೋಡಿ. ಕ್ಯಾಮೆರಾದಲ್ಲಿ ರಾ ಫೈಲ್, ಅಂದರೆ ಸೆನ್ಸರ್ ಕಂಡದ್ದನ್ನು ಹಾಗೇ ಇಡುವ ಫೈಲ್, ಉಳಿಸುವ ಸೌಲಭ್ಯ ಇದ್ದರೆ ಬಳಸಿ. ಆಮೇಲೆ ಸರಿಪಡಿಸಲು ಅವಕಾಶ ಜಾಸ್ತಿ.

ಹಂತ 3: ಹತ್ತಿರ ಹೋಗುವುದು

ಇದರ ಒಂದೊಂದು ಕಣ್ಣಿನಲ್ಲೂ ಸಾವಿರಾರು ಪುಟ್ಟ ಕಣ್ಣುಗಳಿವೆ. ದೊಡ್ಡ ಜಾತಿಗಳಲ್ಲಿ ಇದು 30,000ದ ಹತ್ತಿರ ಹೋಗುತ್ತದೆ. ಹೆಚ್ಚುಕಮ್ಮಿ ಸುತ್ತಲೂ ಕಾಣುತ್ತದೆ. ಹಿಂದಿನಿಂದ ಹೋದರೆ ಕಾಣುವುದಿಲ್ಲ ಅನ್ನುವುದು ನಮ್ಮ ಭ್ರಮೆ. ಆ ಕಣ್ಣಿಗೆ ಬೇಗ ಸಿಕ್ಕಿಬೀಳುವುದು ನಮ್ಮ ಆಕಾರಕ್ಕಿಂತ ನಮ್ಮ ಚಲನೆ. ಹಾಗಾಗಿ ತಗ್ಗಿ, ನಿಧಾನ ಹೋಗಿ. ಕೈ ಬೀಸಬೇಡಿ. ಕ್ಯಾಮೆರಾವನ್ನು ಮೊದಲೇ ಮುಖಕ್ಕೆ ಹಿಡಿದುಕೊಂಡೇ ನಡೆಯಿರಿ, ಹತ್ತಿರ ಹೋಗಿ ಎತ್ತಿದರೆ ಆ ಒಂದು ಚಲನೆಗೇ ಹಾರುತ್ತದೆ. ಸೂರ್ಯ ಎಲ್ಲಿದ್ದಾನೆ ನೋಡಿ. ನಿಮ್ಮ ನೆರಳು ಅದರ ಮೇಲೆ ಬಿತ್ತೋ, ಆಟ ಮುಗಿಯಿತು.

ಅದು ಹಾರಿಹೋದರೆ ಬೆನ್ನು ಹತ್ತಬೇಡಿ. ಹೊಸಬರ ದೊಡ್ಡ ತಪ್ಪು ಇದೇ. ಡ್ರ್ಯಾಗನ್‌ಫ್ಲೈಗಳಲ್ಲಿ ಎರಡು ಸ್ವಭಾವ ಇವೆ. ಕೆಲವು ಕೂತು ಕಾಯುವಂಥವು, ಕೆಲವು ಹಾರುತ್ತಲೇ ಇರುವಂಥವು. ಕೂತು ಕಾಯುವಂಥವು ಬೇಟೆಗೆ ಅಥವಾ ಎದುರಾಳಿಯನ್ನು ಓಡಿಸಲು ಹಾರಿ, ಮತ್ತೆ ಅದೇ ಕಡ್ಡಿಗೆ ಬರುತ್ತವೆ. ಅದು ಹಾರಿದಾಗ ನೀವು ಎರಡು ಹೆಜ್ಜೆ ಮುಂದೆ ಹೋಗಿ ಕಡ್ಡಿಗೆ ಫೋಕಸ್ ಮಾಡಿಟ್ಟುಕೊಳ್ಳಿ. ಅದು ಕೂತಾಗ ನೀವು ಕಲ್ಲಾಗಿ. ನಾಲ್ಕೈದು ಸುತ್ತು ಆಗುವಷ್ಟರಲ್ಲಿ ನೀವೂ ಆ ಜಾಗದ ಒಂದು ಮೋಟುಮರ ಆಗಿರುತ್ತೀರಿ.

ಮುಟ್ಟಬಾರದ್ದು ಒಂದಿದೆ. ಆಗಷ್ಟೇ ಪೊರೆ ಬಿಟ್ಟು ಹೊರಬಂದ ಕೀಟ. ರೆಕ್ಕೆ ಗಾಜಿನ ಹಾಗೆ ಹೊಳೆಯುತ್ತಿರುತ್ತದೆ, ಮೈ ಬಣ್ಣ ಪೇಲವ, ಹಾರಾಟ ತತ್ತರ. ಇದನ್ನು ಟೆನೆರಲ್ ಅನ್ನುತ್ತಾರೆ. ಆಗ ರೆಕ್ಕೆ ಇನ್ನೂ ಮೆತ್ತಗಿರುತ್ತದೆ. ಹಿಡಿದರೆ ಅಥವಾ ಹೆದರಿಸಿ ಹಾರಿಸಿದರೆ ರೆಕ್ಕೆ ಮಡಚಿ ಜೀವನಪೂರ್ತಿ ಹಾಗೇ ಉಳಿಯುತ್ತದೆ. ದೂರದಿಂದ ತೆಗೆದು ಬಿಟ್ಟುಬಿಡಿ. ಹಾಗೆಯೇ, ಅಲುಗಾಡದಿರಲಿ ಅಂತ ಕೀಟವನ್ನು ಹಿಡಿದು ತಣ್ಣಗೆ ಮಾಡಿ ಕೂರಿಸಿ ತೆಗೆಯುವವರಿದ್ದಾರೆ. ಅಂಥ ಫೋಟೊ ನನಗೆ ಕಳಿಸಬೇಡಿ.

ಹಂತ 4: ನಾಲ್ಕು ಫೋಟೊ

ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಒಂದೇ ಕೀಟದ ನಾಲ್ಕು ಫೋಟೊ ಬೇಕು. ಮೊದಲು ದೂರದಿಂದಲೇ ಒಂದು ಕ್ಲಿಕ್ ಹೊಡೆದಿಟ್ಟುಕೊಳ್ಳಿ, ಹಾರಿಹೋದರೆ ಅದಾದರೂ ಇರುತ್ತದೆ. ಆಮೇಲೆ ಈ ಕ್ರಮದಲ್ಲಿ ಹೋಗಿ.

ಮೊದಲನೆಯದು ಪಕ್ಕದಿಂದ. ಇದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ರೆಕ್ಕೆಯ ಬುಡ, ಕಾಲು ಎರಡೂ ಸೇರುವ ಉಬ್ಬಿದ ಭಾಗವೇ ಎದೆ. ಅದರ ಪಕ್ಕದ ಪಟ್ಟೆಗಳು ಎಷ್ಟು, ಎಷ್ಟು ಅಗಲ, ಎಲ್ಲಿ ಕೂಡುತ್ತವೆ, ಎಲ್ಲಿ ತುಂಡಾಗುತ್ತವೆ ಅನ್ನುವುದರಲ್ಲೇ ಎಷ್ಟೋ ಜಾತಿಗಳ ಗುರುತು ಅಡಗಿದೆ. ನಾವು ಬಾಲ ಅನ್ನುವ ಉದ್ದ ಭಾಗ ನಿಜವಾಗಿ ಅದರ ಹೊಟ್ಟೆ. ಅದರ ಬುಡದ ಕೆಳಗೆ ಏನಾದರೂ ಉಬ್ಬು ಇದೆಯೋ ಎಂಬುದೂ ಪಕ್ಕದಿಂದಲೇ ಕಾಣುತ್ತದೆ. ಗಂಡೋ ಹೆಣ್ಣೋ ಹೇಳುವುದು ಆ ಉಬ್ಬು. ಇಲ್ಲಿ ಕೋನದ ಗುಟ್ಟು: ಕ್ಯಾಮೆರಾದ ಬೆನ್ನು ಕೀಟದ ಮೈಗೆ ಸಮಾನಾಂತರ ಇರಬೇಕು. ಆಗ ತಲೆಯಿಂದ ಬಾಲದ ತುದಿವರೆಗೂ ಒಂದೇ ದೂರದಲ್ಲಿರುತ್ತದೆ. ಆ 3 ಮಿಲಿಮೀಟರ್ ಆಳದಲ್ಲೇ ಇಡೀ ಮೈ ಹಿಡಿಸುತ್ತದೆ. ಸ್ವಲ್ಪ ವಾಲಿದರೂ ತಲೆ ಸ್ಪಷ್ಟ, ಬಾಲ ಮಂಜು.

ಎರಡನೆಯದು ಮೇಲಿನಿಂದ. ರೆಕ್ಕೆಯ ಬಣ್ಣ, ರೆಕ್ಕೆ ಬುಡದ ಮಚ್ಚೆ, ಹೊಟ್ಟೆಯ ಮೇಲಿನ ಗುರುತುಗಳಿಗೆ ಇದು ಬೇಕು. ರೆಕ್ಕೆಯ ತುದಿಯ ಹತ್ತಿರ, ಮುಂಭಾಗದ ಅಂಚಿನಲ್ಲಿ ಒಂದು ಬಣ್ಣದ ಪುಟ್ಟ ಚೌಕ ಇರುತ್ತದೆ. ಅದಕ್ಕೆ ಟೆರೊಸ್ಟಿಗ್ಮಾ ಅಂತ ಹೆಸರು. ತುದಿಗೆ ಚೂರು ಭಾರ ಕೊಟ್ಟು, ಹಾರುವಾಗ ರೆಕ್ಕೆ ಅದುರದ ಹಾಗೆ ನೋಡಿಕೊಳ್ಳುತ್ತದೆ. ಅದರ ಬಣ್ಣ, ಉದ್ದ ಎರಡೂ ಗುರುತಿಗೆ ಬರುತ್ತವೆ. ಬಿಸಿಲಿನಲ್ಲಿ ರೆಕ್ಕೆ ಕನ್ನಡಿಯ ಹಾಗೆ ಹೊಳೆದರೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಹೊಳಪು ಹೋಗುತ್ತದೆ.

ಮೂರನೆಯದು ಮುಖ. ಕಣ್ಣುಗಳ ನಡುವಿನ ಅಂತರ, ಹಣೆಯ ಬಣ್ಣ, ಕಣ್ಣಿನ ಬಣ್ಣ. ನೇರ ಎದುರಿನಿಂದ ಅಥವಾ ಸ್ವಲ್ಪ ಮೇಲಿನಿಂದ.

ನಾಲ್ಕನೆಯದು ಬಾಲದ ತುದಿ. ಯಾರೂ ತೆಗೆಯದ ಫೋಟೊ ಇದು. ಗಂಡಿನ ಹೊಟ್ಟೆಯ ತುದಿಯಲ್ಲಿ ಇಕ್ಕಳದಂಥ ಅಂಗಗಳಿವೆ. ಕೂಡುವಾಗ ಇದರಿಂದ ಹೆಣ್ಣಿನ ತಲೆ ಅಥವಾ ಕತ್ತಿನ ಭಾಗವನ್ನು ಹಿಡಿದುಕೊಳ್ಳುತ್ತದೆ. ಇದರ ಆಕಾರ ಜಾತಿಯಿಂದ ಜಾತಿಗೆ ಬೇರೆ. ಬಣ್ಣ ಒಂದೇ ಥರ ಇರುವ ಎರಡು ಜಾತಿಗಳನ್ನು ಬೇರೆ ಮಾಡಲು ಎಷ್ಟೋ ಸಲ ಇದೊಂದೇ ದಾರಿ. ಪಕ್ಕದಿಂದ ಒಂದು, ಮೇಲಿನಿಂದ ಒಂದು ತೆಗೆದಿಡಿ. ಇಡೀ ಕೀಟ ಬರದಿದ್ದರೂ ಪರವಾಗಿಲ್ಲ.

ನಾಲ್ಕೂ ಒಂದೇ ಕೀಟದ್ದಾಗಿರಬೇಕು. ಪಕ್ಕದ ಕಡ್ಡಿಯ ಇನ್ನೊಂದರ ಬಾಲ ತೆಗೆದು ಸೇರಿಸಿದರೆ ನೋಡುವವರ ತಲೆ ಕೆಡುತ್ತದೆ. ನಡುವೆ ಬೇರೆಯದಕ್ಕೆ ಹೋಗುವ ಮುನ್ನ ನಿಮ್ಮ ಅಂಗೈಯ ಒಂದು ಫೋಟೊ ತೆಗೆಯಿರಿ. ಮನೆಯಲ್ಲಿ ನೋಡುವಾಗ ಅಂಗೈ ಬಂದಲ್ಲಿ ಕೀಟ ಬದಲಾಯಿತು ಅಂತ ಗೊತ್ತಾಗುತ್ತದೆ.

ಹಂತ 5: ಹಾರುವಾಗ ತೆಗೆಯುವುದು

ಗುರುತಿಗೆ ಇದು ಕೊನೆಯ ದಾರಿ. ಕೂರದ ಜಾತಿಗಳಿಗೆ ಮಾತ್ರ ಬೇಕು. ಡ್ರ್ಯಾಗನ್‌ಫ್ಲೈ ಸೆಕೆಂಡಿಗೆ ಸುಮಾರು 30ರಿಂದ 40 ಸಲ ರೆಕ್ಕೆ ಬಡಿಯುತ್ತದೆ, ಹಾಗಾಗಿ ಶಟರ್ 1/2000 ಸೆಕೆಂಡಿಗಿಂತ ನಿಧಾನ ಇರಬಾರದು. ಗಡಿ ಕಾಯುವ ಗಂಡು ಒಂದೇ ದಾರಿಯಲ್ಲಿ ಹೋಗಿ ಬರುತ್ತಿರುತ್ತದೆ. ತಿರುಗುವ ಜಾಗದಲ್ಲಿ ಒಂದು ಕ್ಷಣ ಗಾಳಿಯಲ್ಲೇ ನಿಲ್ಲುತ್ತದೆ. ಆ ಜಾಗ ಪತ್ತೆ ಮಾಡಿ, ಫೋಕಸ್ ಅಲ್ಲಿಗೆ ಕಟ್ಟಿಟ್ಟು, ಕಾದು ಕೂರಿ. ನೂರು ಕ್ಲಿಕ್ಕಿಗೆ ಎರಡು ಸರಿ ಬಂದರೆ ಬೆನ್ನು ತಟ್ಟಿಕೊಳ್ಳಿ.

ಹಂತ 6: ಅಲ್ಲೇ ಬರೆದುಕೊಳ್ಳಿ

ತಾರೀಖು, ಹೊತ್ತು, ಜಾಗ, ನಿಂತ ನೀರೋ ಹರಿಯುವ ನೀರೋ, ಬಿಸಿಲೋ ನೆರಳೋ, ಹೇಗೆ ಕೂತಿತ್ತು. ಇಷ್ಟೇ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಅಂತಲೂ ನೋಡಿ. ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟರೆ ಜಾಗದ ಜಿಪಿಎಸ್ ಗುರುತು ಅದರಲ್ಲಿ ಉಳಿಯುತ್ತದೆ, ಲೊಕೇಶನ್ ಆನ್ ಇದ್ದರೆ.

ದಡದ ಜೊಂಡಿಗೆ ಅಂಟಿಕೊಂಡ ಖಾಲಿ ಪೊರೆ ಸಿಕ್ಕರೆ ಅದನ್ನೂ ತೆಗೆಯಿರಿ. ಆ ಜಾತಿ ಅದೇ ನೀರಿನಲ್ಲಿ ಬೆಳೆದಿದೆ ಅನ್ನುವುದಕ್ಕೆ ಅದು ಸಾಕ್ಷಿ.

ಹಂತ 7: ಹೆಸರು ಹಿಡಿಯುವುದು

ಈಗ ಮನೆಗೆ ಬಂದಿದ್ದೀರಿ, ಫೋಟೊ ಪರದೆಯ ಮೇಲಿದೆ. ಬಣ್ಣದಿಂದ ಶುರು ಮಾಡಬೇಡಿ. ಬಣ್ಣ ಕೊನೆಗೆ. ಈ ಪ್ರಶ್ನೆಗಳನ್ನು ಸಾಲಾಗಿ ಕೇಳಿಕೊಳ್ಳಿ.

1. ಡ್ರ್ಯಾಗನ್‌ಫ್ಲೈಯೋ, ಡ್ಯಾಮ್ಸೆಲ್‌ಫ್ಲೈಯೋ? ಕಣ್ಣು ನೋಡಿ. ಡ್ಯಾಮ್ಸೆಲ್‌ಫ್ಲೈಯ ಕಣ್ಣುಗಳು ತಲೆಯ ಎರಡು ತುದಿಗಳಲ್ಲಿ, ಡಂಬೆಲ್‌ನ ಗುಂಡುಗಳ ಹಾಗೆ ದೂರ ದೂರ. ಡ್ರ್ಯಾಗನ್‌ಫ್ಲೈಯಲ್ಲಿ ಹೆಚ್ಚಾಗಿ ಒಂದಕ್ಕೊಂದು ತಾಗಿರುತ್ತವೆ. ಇನ್ನು ರೆಕ್ಕೆ: ಡ್ರ್ಯಾಗನ್‌ಫ್ಲೈಯ ಹಿಂದಿನ ರೆಕ್ಕೆಯ ಬುಡ ಮುಂದಿನದಕ್ಕಿಂತ ಅಗಲ. ಡ್ಯಾಮ್ಸೆಲ್‌ಫ್ಲೈಯಲ್ಲಿ ಎರಡೂ ಒಂದೇ ಆಕಾರ. “ರೆಕ್ಕೆ ಮಡಚಿದರೆ ಡ್ಯಾಮ್ಸೆಲ್, ಹರಡಿದರೆ ಡ್ರ್ಯಾಗನ್” ಅನ್ನುವ ನಿಯಮವನ್ನು ಪೂರ್ತಿ ನಂಬಬೇಡಿ. ಲೆಸ್ಟಿಡೆ ಕುಟುಂಬದ ಡ್ಯಾಮ್ಸೆಲ್‌ಫ್ಲೈಗಳಲ್ಲಿ ಹೆಚ್ಚಿನವು ರೆಕ್ಕೆಯನ್ನು ಅರ್ಧ ತೆರೆದೇ ಕೂರುತ್ತವೆ. ಅವುಗಳಿಗೆ ಸ್ಪ್ರೆಡ್‌ವಿಂಗ್ ಅಂತಲೇ ಹೆಸರು.

2. ಗಂಡೋ, ಹೆಣ್ಣೋ? ಹೊಟ್ಟೆಯಲ್ಲಿ 10 ಖಂಡಗಳಿವೆ, ಕಬ್ಬಿನ ಗಣಿಕೆಗಳ ಹಾಗೆ ಜೋಡಿಸಿದ್ದು. ಮೊದಲನೆಯದು ತುಂಬ ಚಿಕ್ಕದು, ಕಣ್ತಪ್ಪುತ್ತದೆ. ಅದಕ್ಕೇ ಎಣಿಸುವಾಗ ಬಾಲದ ತುದಿಯಿಂದ ಹಿಮ್ಮುಖ ಎಣಿಸಿ, ಕೊನೆಯದು 10. ಗಂಡಿನಲ್ಲಿ 2ನೇ ಖಂಡದ ಕೆಳಗೆ ಉಬ್ಬು ಇರುತ್ತದೆ. ಹೆಣ್ಣಿನಲ್ಲಿ ಅಲ್ಲಿ ನುಣುಪು. ಬದಲಿಗೆ ತುದಿಯ ಹತ್ತಿರ, 8 ಮತ್ತು 9ನೇ ಖಂಡಗಳ ಕೆಳಗೆ ಮೊಟ್ಟೆಯಿಡುವ ಅಂಗ ಇರುತ್ತದೆ. ಹೆಣ್ಣಿನ ಹೊಟ್ಟೆ ಸಾಮಾನ್ಯವಾಗಿ ದಪ್ಪ.

3. ಎಳೆಯದೋ, ಬಲಿತದ್ದೋ? ಇಲ್ಲಿ ಬಹಳ ಜನ ಮೋಸಹೋಗುತ್ತಾರೆ. ಏಷ್ಯಾದಲ್ಲೆಲ್ಲ ಸಾಮಾನ್ಯವಾಗಿರುವ ಕ್ರೊಕೊತೆಮಿಸ್ ಸರ್ವಿಲಿಯಾದ ಬಲಿತ ಗಂಡು ಕೆಂಡದಂತೆ ಕೆಂಪು. ಅದರ ಎಳೆಯ ಗಂಡು ಹಳದಿ, ಥೇಟ್ ಹೆಣ್ಣಿನ ಹಾಗೆ. ಒಂದೇ ಜಾತಿಯ ಎರಡು ಫೋಟೊ ಕಳಿಸಿ “ಈ ಎರಡು ಜಾತಿ ಯಾವುವು” ಅಂತ ಕೇಳಿದವರು ಎಷ್ಟೋ ಜನ. ಆರ್ಥೆಟ್ರಮ್ ಗುಂಪಿನ ಹಲವು ಜಾತಿಗಳ ಗಂಡುಗಳಿಗೆ ವಯಸ್ಸಾದಂತೆ ಮೈಮೇಲೆ ಬೂದಿ ನೀಲಿ ಪುಡಿ ಕಟ್ಟುತ್ತದೆ, ದ್ರಾಕ್ಷಿಯ ಮೇಲಿನ ಬಿಳಿ ಪುಡಿಯ ಹಾಗೆ. ಇದನ್ನು ಪ್ರೂಯಿನೋಸಿಟಿ ಅನ್ನುತ್ತಾರೆ. ಕೆಳಗಿನ ಪಟ್ಟೆಗಳೆಲ್ಲ ಅದರಲ್ಲಿ ಮುಚ್ಚಿಹೋಗುತ್ತವೆ. ಹೊಟ್ಟೆಯ ನಡುವೆ ಪುಡಿ ಕೆರೆದುಹೋದ ಕಲೆ ಕಂಡರೆ ಅದು ಬೇರೆ ಜಾತಿಯ ಮಚ್ಚೆಯಲ್ಲ, ಕೂಡುವಾಗ ಹೆಣ್ಣಿನ ಕಾಲು ತಾಗಿ ಆದದ್ದು. ಇಶ್ನುರಾ ಎಂಬ ಪುಟ್ಟ ಡ್ಯಾಮ್ಸೆಲ್‌ಫ್ಲೈಗಳಲ್ಲಿ ಹೆಣ್ಣುಗಳೇ ಹಲವು ಬಣ್ಣಗಳಲ್ಲಿ ಬರುತ್ತವೆ. ಕೆಲವು ಹೆಣ್ಣುಗಳು ಗಂಡಿನ ಬಣ್ಣವನ್ನೇ ಹೊತ್ತಿರುತ್ತವೆ. ಬಣ್ಣ ಕೊನೆಗೆ ಅಂದದ್ದು ಇದಕ್ಕೇ.

4. ಯಾವ ಕುಟುಂಬ? ಡ್ರ್ಯಾಗನ್‌ಫ್ಲೈ ಆದರೆ ಮತ್ತೆ ಕಣ್ಣಿಗೆ ಬನ್ನಿ. ಎರಡು ಕಣ್ಣುಗಳ ನಡುವೆ ಸ್ಪಷ್ಟ ಅಂತರ ಇದ್ದರೆ ಬಹುತೇಕ ಅದು ಗಾಂಫಿಡೆ, ಅಂದರೆ ಕ್ಲಬ್‌ಟೇಲ್. ಹಳದಿ ಕಪ್ಪು ಪಟ್ಟೆ ಸಾಮಾನ್ಯ. ಹಲವುಗಳಲ್ಲಿ ಬಾಲದ ತುದಿ ಗದೆಯ ಹಾಗೆ ದಪ್ಪ. ಕಣ್ಣುಗಳು ಉದ್ದ ಹೊಲಿಗೆ ಹಾಕಿದಂತೆ ತಲೆಯ ಮೇಲೆ ಅಂಟಿಕೊಂಡಿದ್ದು, ಮೈ ದೊಡ್ಡದಾಗಿದ್ದು, ಕೂತಾಗ ಕೊಂಬೆಗೆ ನೇತುಬಿದ್ದರೆ ಅದು ಏಶ್ನಿಡೆ, ಅಂದರೆ ಡಾರ್ನರ್. ಕಣ್ಣು ತಾಗಿದ್ದು, ಕಡ್ಡಿಯ ತುದಿಯಲ್ಲೋ ನೆಲದಲ್ಲೋ ಅಡ್ಡ ಕೂತು, ಆಗಾಗ ಹಾರಿ ಅಲ್ಲಿಗೇ ಬರುತ್ತಿದ್ದರೆ ಬಹುಪಾಲು ಲಿಬೆಲ್ಯುಲಿಡೆ, ಅಂದರೆ ಸ್ಕಿಮ್ಮರ್. ಕೆರೆಯ ದಡದಲ್ಲಿ ನೀವು ಮೊದಲು ನೋಡುವುದು ಹೆಚ್ಚಾಗಿ ಇವನ್ನೇ.

ಡ್ಯಾಮ್ಸೆಲ್‌ಫ್ಲೈ ಆದರೆ ರೆಕ್ಕೆ ನೋಡಿ. ಬುಡದಲ್ಲಿ ಸಪೂರ ತೊಟ್ಟಿಲ್ಲದೆ ಅಗಲವಾಗಿದ್ದು, ನರಗಳು ಒತ್ತಾಗಿದ್ದು, ಮೈ ಲೋಹದ ಹಾಗೆ ಹೊಳೆಯುತ್ತಾ ತೊರೆಯ ದಡದಲ್ಲಿದ್ದರೆ ಕ್ಯಾಲೊಪ್ಟೆರಿಜಿಡೆ ಕಡೆ ಹೋಗಿ. ರೆಕ್ಕೆ ಅರ್ಧ ತೆರೆದಿದ್ದರೆ ಲೆಸ್ಟಿಡೆ. ಕೆರೆಯ ಹುಲ್ಲಿನಲ್ಲಿ ರೆಕ್ಕೆ ಮಡಚಿ ಕೂತ ಪುಟ್ಟದ್ದಾದರೆ ಸಿನಾಗ್ರಿಯೊನಿಡೆ ಇರುವ ಸಾಧ್ಯತೆ ಜಾಸ್ತಿ. ಈ ಕೊನೆಯ ಕುಟುಂಬದಲ್ಲಿ ನೀಲಿ ಕಪ್ಪು ಬಣ್ಣದವು ಎಷ್ಟಿವೆ ಅಂದರೆ, ಬಾಲದ ತುದಿಯ ಫೋಟೊ ಇಲ್ಲದೆ ಅನುಭವಿಗಳೂ ಕೈಚೆಲ್ಲುತ್ತಾರೆ.

5. ಆಮೇಲೆ ಪಟ್ಟೆ, ಮಚ್ಚೆ, ಬಣ್ಣ. ಈಗ ನಿಮ್ಮ ಪ್ರದೇಶದ ಕ್ಷೇತ್ರ ಕೈಪಿಡಿ ತೆರೆಯಿರಿ. ಇಡೀ ಪುಸ್ತಕ ತಿರುವಬೇಕಾಗಿಲ್ಲ, ಆ ಕುಟುಂಬದ ಪುಟ ಸಾಕು. ಎದೆಯ ಪಟ್ಟೆಯಿಂದ ಶುರು ಮಾಡಿ. ಒಂದು ಗುರುತು ಹೊಂದಿದ ತಕ್ಷಣ “ಸಿಕ್ತು” ಅನ್ನಬೇಡಿ. ಹೊಂದದ ಗುರುತನ್ನು ಹುಡುಕಿ. ಒಂದೇ ಒಂದು ಹೊಂದದಿದ್ದರೂ ಮತ್ತೆ ನೋಡಿ. ಫೋಟೊದ ಬಣ್ಣವನ್ನೂ ಅನುಮಾನಿಸಿ. ಸಂಜೆಯ ಬೆಳಕಿನಲ್ಲಿ ಹಸಿರು ಹಳದಿಯಾಗುತ್ತದೆ. ಮೈ ತಣ್ಣಗಾದಾಗ ಕೆಲವು ಡಾರ್ನರ್‌ಗಳ ನೀಲಿ ಬೂದಿಯಾಗುತ್ತದೆ.

6. ಆ ಜಾತಿ ಆ ಜಾಗದಲ್ಲಿ, ಆ ಕಾಲದಲ್ಲಿ ಇರುತ್ತದೆಯೇ? ಬೇರೆ ಖಂಡದ ಜಾತಿಯೊಂದು ನಿಮ್ಮ ಫೋಟೊಗೆ ತಾಳೆಯಾಗುತ್ತಿದೆ ಅಂದರೆ, ಹೊಸ ದಾಖಲೆ ಅನ್ನುವುದಕ್ಕಿಂತ ನಿಮ್ಮ ಗುರುತು ತಪ್ಪಾಗಿರುವ ಸಾಧ್ಯತೆಯೇ ಹೆಚ್ಚು. ವಲಸೆ ಹೋಗುವ ಜಾತಿಗಳಿಗೆ ಮಾತ್ರ ಈ ನಿಯಮ ಸ್ವಲ್ಪ ಸಡಿಲ. ಪ್ಯಾಂಟಾಲಾ ಫ್ಲೇವಿಸೆನ್ಸ್ ಎಂಬ ಕಂದು ಹಳದಿ ಡ್ರ್ಯಾಗನ್‌ಫ್ಲೈ ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಕಂಡಿದೆ. ಇದು ಭಾರತದ ಕಡೆಯಿಂದ ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತದೆ ಎಂದು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ಮಾಲ್ಡೀವ್ಸ್‌ನಲ್ಲಿ ಕಂಡದ್ದನ್ನು ಆಧರಿಸಿ 2009ರಲ್ಲಿ ಬರೆದರು. ಒಂದು ಇಡೀ ಸುತ್ತು ಮುಗಿಯಲು ಹಲವು ತಲೆಮಾರು ಬೇಕು. ನೀರೇ ಇಲ್ಲದ ಮೈದಾನದ ಮೇಲೆ ಹಿಂಡು ಹಿಂಡಾಗಿ, ಕೂರದೆ ಹಾರುತ್ತಿದ್ದರೆ ಮೊದಲು ಇದರ ಹೆಸರನ್ನೇ ಪರೀಕ್ಷಿಸಿ.

ಆರೂ ಪ್ರಶ್ನೆ ಮುಗಿದರೂ ಜಾತಿಯ ಹೆಸರು ಸಿಗದೇ ಇರಬಹುದು. “ಇಶ್ನುರಾ ಗುಂಪಿನದು, ಹೆಣ್ಣು” ಅಂತ ಬರೆದಿಟ್ಟರೆ ಅದೂ ಸರಿಯಾದ ಉತ್ತರವೇ. ಊಹೆಯ ಪೂರ್ತಿ ಹೆಸರಿಗಿಂತ ಖಚಿತವಾದ ಅರ್ಧ ಹೆಸರು ಮೇಲು.

ಹಂತ 8: ಬೇರೆಯವರನ್ನು ಕೇಳುವುದು

2008ರಲ್ಲಿ ಶುರುವಾದ ಐನ್ಯಾಚುರಲಿಸ್ಟ್ ಎಂಬ ತಾಣದಲ್ಲಿ ಫೋಟೊ ಹಾಕಿದರೆ ಜಗತ್ತಿನ ಬೇರೆ ಬೇರೆ ಕಡೆಯವರು ನೋಡಿ ಹೆಸರು ಸೂಚಿಸುತ್ತಾರೆ. ನಾಲ್ಕೂ ಫೋಟೊಗಳನ್ನು ಒಂದೇ ದಾಖಲೆಯಲ್ಲಿ ಹಾಕಿ, ನಾಲ್ಕು ಬೇರೆ ದಾಖಲೆ ಮಾಡಬೇಡಿ. ಗಂಡು ಹೆಣ್ಣು ಕೂಡಿದ ಫೋಟೊ ಆದರೆ ಯಾವುದರ ಹೆಸರು ಕೇಳುತ್ತಿದ್ದೀರಿ ಅಂತ ಹೇಳಿ. ಸುಮ್ಮನೆ ಹೇಳುತ್ತಿಲ್ಲ. ಬೇರೆ ಬೇರೆ ಜಾತಿಗಳೂ ಒಮ್ಮೊಮ್ಮೆ ತಪ್ಪಿ ಜೊತೆಯಾಗುತ್ತವೆ.

ಫೋಟೊ ಹಾಕಿದ ತಕ್ಷಣ ಕಂಪ್ಯೂಟರೇ ಒಂದು ಹೆಸರು ಸೂಚಿಸುತ್ತದೆ. ಅದನ್ನು ಒತ್ತಿಬಿಡುವ ಆಸೆ ಆಗುತ್ತದೆ. ಅದು ಹೆಚ್ಚಾಗಿ ನೋಡುವುದು ಚಿತ್ರದ ಒಟ್ಟು ಹೋಲಿಕೆಯನ್ನು, ಬಾಲದ ಇಕ್ಕಳವನ್ನು ಎಣಿಸುವುದಿಲ್ಲ. ಸೂಚನೆಯನ್ನು ಸುಳಿವಾಗಿ ಬಳಸಿ, ನಿಮ್ಮ ಆರು ಪ್ರಶ್ನೆಗಳಿಂದ ಪರೀಕ್ಷಿಸಿ. ಅಲ್ಲಿ ದಾಖಲೆಗೆ ‘ರಿಸರ್ಚ್ ಗ್ರೇಡ್’ ಅಂತ ಮುದ್ರೆ ಬೀಳುವುದು ನೋಡಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಿದಾಗ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಕಣ್ಣುಮುಚ್ಚಿ ತಲೆಯಾಡಿಸಿದರೂ ಅದು ಬೀಳುತ್ತದೆ. ಯಾರಾದರೂ ನಿಮ್ಮ ಹೆಸರನ್ನು ತಿದ್ದಿದರೆ “ಯಾವ ಗುರುತಿನಿಂದ ಹೇಳಿದಿರಿ” ಅಂತ ಕೇಳಿ. ಖುಷಿಯಿಂದ ಹೇಳುತ್ತಾರೆ. ನಾನು ಕಲಿತದ್ದರಲ್ಲಿ ಹೆಚ್ಚಿನದು ಅಂಥ ಉತ್ತರಗಳಿಂದ.

ಹೆಸರು ಸಿಗದ ಫೋಟೊಗಳನ್ನು ಅಳಿಸಬೇಡಿ. ‘ಗೊತ್ತಿಲ್ಲ’ ಅಂತ ಒಂದು ಫೋಲ್ಡರ್ ಮಾಡಿ ತಾರೀಖು, ಜಾಗದ ಸಮೇತ ಹಾಕಿಡಿ. ಆರು ತಿಂಗಳಿಗೊಮ್ಮೆ ತೆರೆಯಿರಿ. ನನ್ನ ಆ ಫೋಲ್ಡರಿನಲ್ಲಿ ಈಗಲೂ ಉಳಿದಿರುವುದೆಲ್ಲ ಹೆಚ್ಚುಕಮ್ಮಿ ಒಂದೇ ಥರದ್ದು: ಮೇಲಿನಿಂದ ತೆಗೆದ, ತುಂಬ ಚಂದದ, ಒಂದೊಂದೇ ಫೋಟೊ.